ಓದುತ್ತಿದ್ದಾಳೆ ಅಂದುಕೊಂಡಿದ್ದೆವು, ಬಾಯಿಪಾಠ ಒಪ್ಪಿಸುತ್ತಿದ್ದಳು: ಡಿಸ್ಲೆಕ್ಸಿಯಾ ಟ್ಯೂಷನ್ ಹುಡುಕುವವರು ಗಮನಿಸಿ

ಒಂದು ಸಂಜೆ ಮಗಳ ಟ್ಯೂಷನ್ ಪುಸ್ತಕದ ನಾಲ್ಕು ಸಾಲುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಸಾಲುಗಳು ಅವೇ, ಕ್ರಮ ಮಾತ್ರ ಹಿಂದುಮುಂದು. ಅವಳು ಬೆರಳಿಟ್ಟು ಪಟಪಟನೆ ಓದಿದಳು, ಆದರೆ ಪುಸ್ತಕದಲ್ಲಿದ್ದ ಕ್ರಮದಲ್ಲೇ. ಬೆರಳು ‘ಮಳೆ ನಿಂತಿತು’ ಎಂಬಲ್ಲಿ, ಬಾಯಲ್ಲಿ ‘ಮೋಡ ಕವಿಯಿತು’. ನನಗೆ ಎದೆ ಧಸಕ್ಕೆಂದಿತು. ಕೇಳಿದ್ದಕ್ಕೆ ಅವಳು ಏನೂ ಮುಚ್ಚಿಡಲಿಲ್ಲ. “ಮಿಸ್ ಮೊದಲು ಓದ್ತಾರೆ, ಆಮೇಲೆ ನಾನು ಹೇಳ್ತೀನಿ ಅಮ್ಮಾ.”

ಅಷ್ಟು ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು.

ಅವಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದರಲ್ಲಿ ಬರುವ ತೊಡಕು, ಇದೆ ಎಂದು ಗೊತ್ತಾದಾಗ ನಾವು ಗಾಬರಿಯಲ್ಲಿದ್ದೆವು. ಆಗ ಸಿಕ್ಕ ಟ್ಯೂಷನ್‌ನವರು “ನಿಮ್ಮ ಮಗುವಿಗೆ ತಕ್ಕಂತೆ ಪ್ರತ್ಯೇಕ ಪಾಠ, ಆರು ತಿಂಗಳಲ್ಲಿ ಪೂರ್ತಿ ಗುಣ” ಎಂದರು. ‘ಗುಣ’ ಎಂಬ ಮಾತು ಕೇಳಿದಾಗಲೇ ನಾನು ಎದ್ದು ಬರಬೇಕಿತ್ತು. ಡಿಸ್ಲೆಕ್ಸಿಯಾ ಕಾಯಿಲೆಯಲ್ಲ, ವಾಸಿಯಾಗಿ ಹೋಗುವಂಥದ್ದೂ ಅಲ್ಲ. ಸರಿಯಾಗಿ ಕಲಿಸಿದರೆ ಮಕ್ಕಳು ಚೆನ್ನಾಗಿ ಓದುತ್ತಾರೆ, ಆದರೆ ಅದಕ್ಕೆ ಸಮಯ ಬೇಕು. ಹೆದರಿದ ತಂದೆತಾಯಿಗೆ ಇದೆಲ್ಲ ಎಲ್ಲಿ ಹೊಳೆಯುತ್ತದೆ?

ಮೊದಲ ದಿನ ಅವರು ಅವಳನ್ನು ಪರೀಕ್ಷಿಸಲೇ ಇಲ್ಲ. ಎಲ್ಲಿ ತಡವರಿಸುತ್ತಾಳೆ ಎಂದು ಕೇಳಲಿಲ್ಲ. ನೇರವಾಗಿ ಪುಸ್ತಕ ತೆರೆದರು. ಪಕ್ಕದಲ್ಲಿ ಕೂರುತ್ತೇನೆ ಎಂದರೆ “ಮಗುವಿನ ಗಮನ ಹೋಗುತ್ತೆ” ಎಂದು ಹೊರಗೆ ಕಳಿಸಿದರು. ವಾರಕ್ಕೊಂದು ವಿಡಿಯೋ ಬರುತ್ತಿತ್ತು. ಅದರಲ್ಲಿ ಮಗಳು ಸರಾಗವಾಗಿ ಓದುವುದನ್ನು ನೋಡಿ ನಾನು ಅತ್ತಿದ್ದೂ ಉಂಟು. ಆಮೇಲೆ ಬೇರೆ ಮಕ್ಕಳ ಅಮ್ಮಂದಿರ ಜೊತೆ ಮಾತಾಡಿದಾಗ ತಿಳಿಯಿತು: ಎಲ್ಲರಿಗೂ ಅದೇ ಪುಸ್ತಕ, ಅವೇ ಹಾಳೆಗಳು. ಒಬ್ಬ ಟೀಚರ್ ಒಂದು ಮಗುವನ್ನು ಕೂರಿಸಿಕೊಂಡರೆ ಅದು ಆ ಮಗುವಿಗೆ ತಕ್ಕ ಪಾಠ ಆಗಿಬಿಡುವುದಿಲ್ಲ. ಇದು ನಮಗೆ ತಡವಾಗಿ ಅರ್ಥವಾಯಿತು.

ನಡುವೆ ಬಣ್ಣದ ಕನ್ನಡಕವನ್ನೂ ಕೊಳ್ಳಿಸಿದರು. ಅಕ್ಷರ ಕುಣಿಯುವುದು ನಿಲ್ಲುತ್ತದಂತೆ. ದಯವಿಟ್ಟು ಇದಕ್ಕೆ ದುಡ್ಡು ಹಾಕಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ: ಬಣ್ಣದ ಗಾಜು, ಕಣ್ಣಿನ ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾಗೆ ಉಪಯೋಗ ಎನ್ನಲು ಪುರಾವೆ ಇಲ್ಲ. ತೊಡಕು ಇರುವುದು ಕಣ್ಣಿನಲ್ಲಿ ಅಲ್ಲ, ಮಾತಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವುದರಲ್ಲಿ.

ಗೋಡೆಯ ಮೇಲೆ ‘ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿ’ ಎಂದು ದೊಡ್ಡದಾಗಿ ಬರೆದಿತ್ತು. ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ರೂಪಿಸಿದ ಕ್ರಮ ಅದು. ಸದ್ದು, ಅಕ್ಷರ, ಕೈಬರಹ ಮೂರನ್ನೂ ಸೇರಿಸಿ, ಸುಲಭದಿಂದ ಕಷ್ಟಕ್ಕೆ ಒಂದೊಂದೇ ಮೆಟ್ಟಿಲು ಹತ್ತಿಸುವುದು, ಕಲಿತದ್ದನ್ನು ಮತ್ತೆ ಮತ್ತೆ ನೋಡುವುದು. ಇಲ್ಲಿ ಅದರ ಹೆಸರು ಗೋಡೆಯ ಮೇಲೆ ಮಾತ್ರ ಇತ್ತು.

ಈಗಿನ ಟೀಚರ್ ಮೊದಲ ಎರಡು ತರಗತಿ ಪುಸ್ತಕವನ್ನೇ ತೆರೆಯಲಿಲ್ಲ. “ಕಮಲದಲ್ಲಿ ‘ಕ’ ತೆಗೆದರೆ ಏನು ಉಳಿಯುತ್ತೆ ಪುಟ್ಟಿ?” “ಕಾಲು ಅನ್ನೋದರಲ್ಲಿ ‘ಕಾ’ ಬದಲು ‘ಹಾ’ ಹಾಕು.” ಹೀಗೆ ಆಟದ ಥರ ಕೇಳುತ್ತಾ ಬರೆದುಕೊಂಡರು. ಅವಳ ನಿಜವಾದ ತೊಡಕು ‘ಕಿ’ ಮತ್ತು ‘ಕೀ’ಯಂಥ ಗಿಡ್ಡ-ಉದ್ದ ಸ್ವರಗಳಲ್ಲಿತ್ತು. ಹಳೆಯವರು ಎಂಟು ತಿಂಗಳು ತಿದ್ದಿಸಿದ್ದು ಒತ್ತಕ್ಷರ! ಅದರಲ್ಲಿ ಅವಳಿಗೆ ಅಷ್ಟೇನೂ ಕಷ್ಟವಿರಲಿಲ್ಲ.

ನೀವು ಈಗಾಗಲೇ ಮಗುವನ್ನು ಎಲ್ಲಾದರೂ ಕಳಿಸುತ್ತಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ‘ದಟಿಲ’, ‘ಗೂಪಸಿ’ ಥರ ಅರ್ಥವೇ ಇಲ್ಲದ ನಾಲ್ಕು ಪದ ಬರೆದುಕೊಡಿ. ಇವನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ, ಚಿತ್ರ ನೋಡಿ ಊಹಿಸಲೂ ಆಗದು. ಪ್ರೀತಿಯಿಂದ, ಆಟ ಎಂದು ಹೇಳಿ ಕೊಡಿ. ಓದಲು ಆಗದಿದ್ದರೆ ಮಗುವನ್ನು ಬೈಯಬೇಡಿ. ನೇರ ಟೀಚರ್ ಹತ್ತಿರ ಹೋಗಿ, “ನನ್ನ ಮಗು ಯಾವ ಸದ್ದಿನಲ್ಲಿ ಎಡವುತ್ತಿದೆ? ಈ ತಿಂಗಳು ಅದಕ್ಕೆ ಏನು ಮಾಡಿದಿರಿ?” ಎಂದು ಕೇಳಿ. ಬರೆದಿಟ್ಟದ್ದನ್ನು ತೋರಿಸಲಿ. ತರಗತಿಯಲ್ಲಿ ಒಂದು ದಿನ ಕೂರಲೂ ಬಿಡುವುದಿಲ್ಲ ಎಂದರೆ ಅಲ್ಲಿಗೇ ನಿಲ್ಲಿಸಿ.

ದುಡ್ಡು ಹೋಯಿತು, ಅದು ಹೋಗಲಿ. ಮನಸ್ಸಿಗೆ ಚುಚ್ಚುವುದು ಬೇರೆ. ಆ ಹಾಳೆಯ ಸಂಜೆಯ ನಂತರ ಮಗಳು “ನಾನು ಸುಳ್ಳು ಓದಿದ್ನಾ?” ಎಂದು ವಾರಗಟ್ಟಲೆ ಕೇಳುತ್ತಿದ್ದಳು. ಹೊಸ ಟೀಚರ್ ಮುಂದೆ ಗಟ್ಟಿಯಾಗಿ ಓದಲು ಅವಳಿಗೆ ಒಂದು ತಿಂಗಳೇ ಬೇಕಾಯಿತು.