ಮೂರನೆಯ ಪರದೆಗಾಗಿ ತೆರೆಯಬೇಕಾದ ಸಾಧನ: ಫೆಟ್ ‘ಗ್ರೀನ್‌ಹೌಸ್ ಎಫೆಕ್ಟ್’ ಸಿಮ್ಯುಲೇಶನ್

ಹಸಿರುಮನೆ ಪರಿಣಾಮವನ್ನು ಪ್ರೌಢಶಾಲೆಯಲ್ಲಿ ಪಾಠ ಮಾಡುವಾಗ ನಾವು ಶಿಕ್ಷಕರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಅನಿಲಗಳು ಶಾಖವನ್ನು ಹಿಡಿದಿಡುತ್ತವೆ, ಆದ್ದರಿಂದ ಭೂಮಿ ಬಿಸಿಯಾಗುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಪಾಠವನ್ನು ಅಷ್ಟಕ್ಕೇ ನಿಲ್ಲಿಸಿದರೆ ಭೂಮಿಯು ಮುಚ್ಚಳ ಬಿಗಿದ ಪಾತ್ರೆಯೆಂದೂ, ಒಳಗೆ ಬಂದ ಶಾಖ ಹೊರಗೆ ಹೋಗುವುದೇ ಇಲ್ಲವೆಂದೂ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ಈ ತಪ್ಪು ತಿಳಿವಳಿಕೆಯನ್ನು ತಿದ್ದಲು ನನಗೆ ಸಿಕ್ಕಿರುವ ಅತ್ಯುತ್ತಮ ಸಾಧನವೆಂದರೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆ ರೂಪಿಸಿರುವ ‘ಗ್ರೀನ್‌ಹೌಸ್ ಎಫೆಕ್ಟ್’ ಎಂಬ ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ನಡೆಸುವ ಅನುಕರಣ ಪ್ರಯೋಗ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಯೋಜನೆಯಿದು. ಸಾಧನ ಉಚಿತವಾಗಿದ್ದು ಬ್ರೌಸರಿನಲ್ಲೇ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದ ತರಗತಿಯಲ್ಲೂ ಬಳಸಬಹುದು.

ಇದರಲ್ಲಿ ಮೂರು ಪರದೆಗಳಿವೆ. ಮೊದಲನೆಯದು ಬೆಳಕನ್ನು ಅಲೆಗಳಾಗಿ ತೋರಿಸುತ್ತದೆ, ಎರಡನೆಯದು ಫೋಟಾನುಗಳಾಗಿ, ಅಂದರೆ ಬೆಳಕಿನ ಕಣಗಳಾಗಿ. ಹಿಮಯುಗ, 1750, 1950 ಮತ್ತು 2020 ಎಂಬ ನಾಲ್ಕು ಕಾಲಗಳಲ್ಲಿ ಒಂದನ್ನು ಆರಿಸಿಕೊಂಡರೆ ಅನಿಲಗಳ ಪ್ರಮಾಣವೂ ನೆಲದ ಚಿತ್ರವೂ ಬದಲಾಗುತ್ತವೆ. ಈ ಎರಡು ಪರದೆಗಳೂ ನೋಡಲು ಚೆನ್ನಾಗಿವೆ, ಎಂಟನೆಯ ತರಗತಿಗೆ ಇಷ್ಟೇ ಸಾಕು. ಆದರೆ ಬಹಳಷ್ಟು ಮಂದಿ ಇಲ್ಲಿಗೇ ನಿಲ್ಲಿಸಿ, ‘ಲೇಯರ್ ಮಾಡೆಲ್’ (ಪದರಗಳ ಮಾದರಿ) ಎಂಬ ಮೂರನೆಯ ಪರದೆಯನ್ನು ಕಠಿಣವೆಂದು ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಈ ಸಾಧನದ ನಿಜವಾದ ಬೆಲೆಯಿರುವುದು ಅಲ್ಲಿಯೇ.

ಮೂರನೆಯ ಪರದೆಗೆ ಹೋಗುವ ಮುನ್ನ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಹಾಕಿಸಬೇಕು. ಭೂಮಿಯ ದೂರದಲ್ಲಿ ಸೂರ್ಯನಿಗೆ ಎದುರಾಗಿರುವ ಪ್ರತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಶಕ್ತಿ ಬೀಳುತ್ತದೆ. ಗೋಳದ ಮೇಲ್ಮೈ ಅದರ ನೆರಳಿನ ವೃತ್ತಕ್ಕಿಂತ ನಾಲ್ಕು ಪಟ್ಟು ದೊಡ್ಡದಾದ್ದರಿಂದ ಸರಾಸರಿ 340 ವ್ಯಾಟ್ ಆಗುತ್ತದೆ. ಅದರಲ್ಲಿ ಶೇಕಡಾ 30ರಷ್ಟು ಮೋಡ, ಹಿಮ ಮತ್ತು ನೆಲದಿಂದ ಪ್ರತಿಫಲಿಸಿ ಹೊರಟುಹೋಗುವುದರಿಂದ ಉಳಿಯುವುದು ಸುಮಾರು 240. ಅಷ್ಟನ್ನೇ ಭೂಮಿ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ವಿಕಿರಣವಾಗಿ ಹೊರಸೂಸಬೇಕಾದರೆ ಅದರ ಉಷ್ಣತೆ 255 ಕೆಲ್ವಿನ್, ಅಂದರೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರಬೇಕು. ಈಗ ಪರದೆ ತೆರೆದು, ಪ್ರತಿಫಲನವನ್ನು 0.3ಕ್ಕೆ ಇಟ್ಟು, ವಾಯುಮಂಡಲದ ಪದರವೇ ಇಲ್ಲದಂತೆ ಮಾಡಿ ಬಿಸಿಲು ಹರಿಸಿದರೆ ತಾಪಮಾಪಕ ಹೆಚ್ಚುಕಡಿಮೆ ಅಲ್ಲಿಯೇ ಬಂದು ನಿಲ್ಲುತ್ತದೆ. ತಾವು ಕೈಯಾರೆ ಮಾಡಿದ ಲೆಕ್ಕ ಪರದೆಯ ಮೇಲೆ ಒದಗಿ ಬಂದಾಗ ಮಕ್ಕಳ ಮುಖದಲ್ಲಿ ಅರಳುವ ಸಂತೋಷವನ್ನು ನಾನು ಪ್ರತಿ ವರ್ಷವೂ ಎದುರುನೋಡುತ್ತೇನೆ.

ನಂತರ ಅವಕೆಂಪನ್ನು ಪೂರ್ತಿ ಹೀರುವ ಒಂದು ಪದರವನ್ನು ಸೇರಿಸಬೇಕು. ತಕ್ಷಣ ಹೊರಹೋಗುವ ಶಕ್ತಿ ಕುಸಿಯುತ್ತದೆ, ಒಳಬರುವುದು ಹಾಗೆಯೇ ಇರುತ್ತದೆ, ನೆಲ ಬಿಸಿಯಾಗತೊಡಗುತ್ತದೆ. ಬಿಸಿಯಾದಷ್ಟೂ ಅದು ಹೆಚ್ಚು ಸೂಸುತ್ತದೆ. ಕೊನೆಗೆ ಮೇಲ್ತುದಿಯಿಂದ ಮತ್ತೆ ಅದೇ 240 ವ್ಯಾಟ್ ಹೊರಹೋಗುತ್ತದೆ. ಆದರೆ ಪದರವು ಮೇಲಕ್ಕೆಷ್ಟೋ ಕೆಳಕ್ಕೂ ಅಷ್ಟೇ ಸೂಸುವುದರಿಂದ, ಸೂರ್ಯನಿಂದ 240 ಮತ್ತು ಪದರದಿಂದ 240 ಪಡೆಯುವ ನೆಲ ಈಗ 480 ವ್ಯಾಟ್ ಸೂಸಬೇಕಾಗಿದೆ; ಅದಕ್ಕೆ ಬೇಕಾದ ಉಷ್ಣತೆ 303 ಕೆಲ್ವಿನ್, ಅಂದರೆ 30 ಡಿಗ್ರಿ ಸೆಲ್ಸಿಯಸ್. ‘ಸರ್, ಶಾಖ ಒಳಗೇ ಸಿಕ್ಕಿಕೊಂಡಿದ್ದರೆ ಹೊರಗೆ ಹೋಗುವುದು ಮೊದಲಿನಷ್ಟೇ ಇದೆಯಲ್ಲ, ಹೇಗೆ?’ ಎಂದು ಕಳೆದ ವರ್ಷ ಒಬ್ಬ ಹುಡುಗಿ ಕೇಳಿದಳು. ಆ ಪ್ರಶ್ನೆ ಹುಟ್ಟುವುದೇ ಈ ಪಾಠದ ಗುರಿ. ಶಕ್ತಿ ಹರಿಯುತ್ತಲೇ ಇರುತ್ತದೆ, ಹರಿವು ಸಮವಾಗುವ ಉಷ್ಣತೆ ಮಾತ್ರ ಏರುತ್ತದೆ ಎಂಬುದನ್ನು ಪರದೆಯ ಮೇಲಿನ ಶಕ್ತಿಯ ಬಾಣಗಳು ಹಿಗ್ಗಿ ಕುಗ್ಗಿ ಕಣ್ಣೆದುರೇ ತೋರಿಸುತ್ತವೆ.

‘ಹಸಿರುಮನೆ’ ಎಂಬ ಹೆಸರಿನ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಕ್ಕಳು ಚಿಕ್ಕಬಳ್ಳಾಪುರ, ಕೋಲಾರದ ಕಡೆ ಗುಲಾಬಿ ಮತ್ತು ದಪ್ಪ ಮೆಣಸಿನಕಾಯಿಯ ಪಾಲಿಹೌಸುಗಳನ್ನು, ಅಂದರೆ ಪಾಲಿಥೀನ್ ಹೊದಿಸಿದ ಹಸಿರುಮನೆಗಳನ್ನು, ಕಂಡಿರುತ್ತಾರೆ. ಪಾಲಿಥೀನ್ ಹಾಳೆಯ ಮೂಲಕ ಅವಕೆಂಪು ಕಿರಣ ಸಾಕಷ್ಟು ಹಾದುಹೋಗುತ್ತದೆ; ಆದರೂ ಒಳಗೆ ಸೆಖೆಯಾಗುವುದು ಮುಖ್ಯವಾಗಿ ಬಿಸಿಗಾಳಿ ಮೇಲೇರಿ ಹೊರಟುಹೋಗಲು ಹಾಳೆ ಬಿಡದಿರುವುದರಿಂದ. ವಾಯುಮಂಡಲ ಕೆಲಸ ಮಾಡುವ ಬಗೆ ಅದಲ್ಲ.

ಭೂಮಿಯ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿ. ಮಾದರಿ ಕೊಟ್ಟಿದ್ದು 30. ಈ ಅಂತರವನ್ನು ನಾನು ಸಾಧನದ ಕೊರತೆಯೆಂದು ಎಣಿಸುವುದಿಲ್ಲ, ಮಾದರಿ ಎಂದರೇನು ಎಂಬ ಚರ್ಚೆಗೆ ಅದೇ ಬಾಗಿಲು. ಪದರದ ಹೀರುವಿಕೆಯನ್ನು 1ರಿಂದ (ಪೂರ್ತಿ ಹೀರುವಿಕೆ) 0.77ರ ಸುತ್ತಮುತ್ತ ಇಳಿಸಿದರೆ 15 ಡಿಗ್ರಿ ಬರುತ್ತದೆ, ಆದರೆ ಅದು ಉತ್ತರಕ್ಕೆ ತಕ್ಕಂತೆ ಅಂಕಿಯನ್ನು ಹೊಂದಿಸಿದಂತಾಯಿತು. ನಿಜವಾದ ಗಾಳಿ ಕೆಲವು ತರಂಗಾಂತರಗಳನ್ನು ಬಿಟ್ಟುಕೊಡುತ್ತದೆ. ನೆಲದ ಶಾಖವನ್ನು ಮೇಲೇರುವ ಗಾಳಿಯೂ ಆವಿಯಾಗುವ ನೀರೂ ಹೊತ್ತೊಯ್ಯುತ್ತವೆ. ಈ ಗಾಳಿಯ ಏರಿಳಿತವನ್ನೂ ನೀರಾವಿಯನ್ನೂ ಸೇರಿಸಿ ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿ ಲೆಕ್ಕ ಹಾಕಿದಾಗ, ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದರೆ ನೆಲ ಸುಮಾರು 2.3 ಡಿಗ್ರಿ ಬಿಸಿಯಾಗುವುದೆಂದು ಕಂಡಿತು. ಮನಾಬೆಯವರಿಗೆ 2021ರ ನೊಬೆಲ್ ಸಂದಿತು.

ಶಿಕ್ಷಕರು ತಾವೇ ತುಂಬಿಕೊಡಬೇಕಾದ ಎರಡು ವಿಷಯಗಳಿವೆ. ಈ ಸಾಧನದಲ್ಲಿ ಸಾಗರದ ಆಳವಿಲ್ಲ, ಆದ್ದರಿಂದ ಉಷ್ಣತೆ ಬೇಗನೆ ನೆಲೆಗೊಳ್ಳುತ್ತದೆ. ನಿಜದಲ್ಲಿ ಹೆಚ್ಚುವರಿ ಶಾಖದ ಶೇಕಡಾ 90ರಷ್ಟು ಸಮುದ್ರಕ್ಕೆ ಇಳಿಯುತ್ತಿದೆ, ಸಮತೋಲನ ಇನ್ನೂ ಬಂದಿಲ್ಲ. ಎರಡನೆಯದಾಗಿ, ಬಿಸಿಗಾಳಿ ಹೆಚ್ಚು ನೀರಾವಿಯನ್ನು ಹಿಡಿದು ಮತ್ತಷ್ಟು ಬಿಸಿಯಾಗುವ ಆವರ್ತ ಇಲ್ಲಿ ಇಲ್ಲ. ಗಾಳಿಯಲ್ಲಿ ಸಾರಜನಕ, ಆಮ್ಲಜನಕಗಳೇ ಹೆಚ್ಚಿರುವಾಗ ಅವೇಕೆ ಅವಕೆಂಪನ್ನು ಹೀರುವುದಿಲ್ಲವೆಂದು ಮಕ್ಕಳು ಕೇಳಿದರೆ ಫೆಟ್‌ನದೇ ‘ಮಾಲಿಕ್ಯೂಲ್ಸ್ ಅಂಡ್ ಲೈಟ್’ ತೋರಿಸಿ. ಆ ಹೊತ್ತಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಹವಾಮಾನ ವಿಜ್ಞಾನಿ ವಿ. ರಾಮನಾಥನ್ ಅವರು, ಹಿಂದೆ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಅನಿಲಗಳೂ ಪ್ರಬಲ ಹಸಿರುಮನೆ ಅನಿಲಗಳೆಂದು 1975ರಲ್ಲಿ ತೋರಿಸಿದ್ದನ್ನು ನಾನು ತಪ್ಪದೆ ಹೇಳುತ್ತೇನೆ.

ಎರಡು ಪೀರಿಯಡ್ ಬೇಕಾಗುತ್ತದೆ. ಮೊದಲನೆಯದರಲ್ಲಿ ಲೆಕ್ಕ ಮುಗಿಸಿ, ಎರಡನೆಯದರಲ್ಲಿ ಪದರ ಸೇರಿಸುವ ಮೊದಲು ಪ್ರತಿ ಮಗುವೂ ನೆಲದ ಹೊಸ ಉಷ್ಣತೆ ಎಷ್ಟಾಗಬಹುದೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಆಮೇಲೆ ಗುಂಡಿ ಒತ್ತಿ.