ಕರಾವಳಿಗೆ ಹಳೆ ಮಹೀಂದ್ರ ಜೀಪು: ಪ್ಯೂಜೊ ಇಂಜಿನ್ನೋ, ಎಂಡಿಐಯೋ?

ಕೆಎ 19, 20 ಅಥವಾ 21 (ಮಂಗಳೂರು, ಉಡುಪಿ, ಪುತ್ತೂರು) ನಂಬರಿನ ಹಳೆ ಮಹೀಂದ್ರ ಡೀಸೆಲ್ ಜೀಪು ಮಾರಾಟಕ್ಕೆ ಬಂದರೆ ಮೊದಲು ಬಾನೆಟ್ ಎತ್ತಿಸಿ. ಬಣ್ಣ, ಟಯರು, ಸೀಟು ಎಲ್ಲ ಆಮೇಲೆ. ಒಳಗಿರುವುದು ಹೆಚ್ಚಾಗಿ ಎರಡರಲ್ಲಿ ಒಂದು: ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ 2112 ಸಿಸಿಯ ಎಕ್ಸ್‌ಡಿಪಿ ಇಂಜಿನ್, ಇಲ್ಲವೇ 2523 ಸಿಸಿಯ ಎಂಡಿಐ ಇಂಜಿನ್. ಎರಡಕ್ಕೂ ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಆದರೆ ಸ್ವಭಾವ ಪೂರಾ ಬೇರೆ.

ಎಂಡಿಐ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರ್ ಇಂಜಿನ್ನಿನ ವಂಶದ್ದು. ಬೋರ್ (ಸಿಲಿಂಡರಿನ ಅಗಲ) 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 101.6 ಮಿ.ಮೀ. ಅಂದರೆ ಸರಿಯಾಗಿ ಮೂರೂವರೆ ಇಂಚು ಮತ್ತು ನಾಲ್ಕು ಇಂಚು. ಸ್ಟ್ರೋಕ್ ಉದ್ದವಿರುವುದರಿಂದ ಎಳೆತ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ಪ್ಯೂಜೊದ್ದು ತಿರುವುಮುರುವು: ಬೋರ್ 90, ಸ್ಟ್ರೋಕ್ 83. ಅದರ 62 ಅಶ್ವಶಕ್ತಿ ಪೂರ್ತಿ ಸಿಗುವುದು 4500 ಆರ್‌ಪಿಎಂನಲ್ಲಿ. ಮಂಗಳೂರು–ಉಡುಪಿ ಹೆದ್ದಾರಿಯಲ್ಲಿ ಪ್ಯೂಜೊ ಹಗುರಾಗಿ, ಕಡಿಮೆ ಅದುರಿ ಓಡುತ್ತದೆ. ಎಂಡಿಐಯನ್ನು ಗಂಟೆಗೆ 60 ಕಿ.ಮೀ. ಮೇಲೆ ದೂಡಿದರೆ ಸದ್ದು, ನಡುಕ ಎರಡೂ ಏರುತ್ತವೆ. ಆದರೆ ಅಡಿಕೆ ಗೋಣಿ ಹೇರಿಕೊಂಡು ಮುರಕಲ್ಲಿನ ಏರಿನಲ್ಲಿ ಲೋ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಹತ್ತಬೇಕೆಂದರೆ ಎಂಡಿಐಯೇ ಸೈ. ತೋಟದ ಕೆಲಸಕ್ಕೆ ಬೇರೆ ಯೋಚನೆ ಬೇಡ.

ಬೆಳಗಿನ ಸ್ಟಾರ್ಟ್‌ನಲ್ಲೂ ವ್ಯತ್ಯಾಸವಿದೆ. ಎಂಡಿಐಯಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೆ ಸಿಂಪಡಣೆಯಾಗುತ್ತದೆ, ಸ್ಟಾರ್ಟ್‌ಗೆ ಮೊದಲು ಬಿಸಿ ಮಾಡುವ ಹೀಟರ್ ಪ್ಲಗ್ ಬೇಕಿಲ್ಲ. ಪ್ಯೂಜೊದಲ್ಲಿ ಉರಿ ಹೊತ್ತುವುದು ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಒಳಗಿನ ಸಣ್ಣ ಕೋಣೆಯಲ್ಲಿ. ಅದರ ಗೋಡೆ ಶಾಖ ಹೀರುವುದರಿಂದ ಪ್ಲಗ್ ಬೇಕೇ ಬೇಕು. ಸ್ಟಾರ್ಟ್ ಆಗದ ಪ್ಯೂಜೊ ತೋರಿಸಿ ‘ಡೀಸೆಲ್ ಪಂಪ್ ಹೋಗಿದೆ’ ಎಂದರೆ ಕೂಡಲೇ ನಂಬಬೇಡಿ. ನಾಲ್ಕೂ ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಪ್ರತಿ ಪ್ಲಗ್ಗಿನ ತಲೆಗೆ ಮುಟ್ಟಿಸಿ. ಲ್ಯಾಂಪ್ ಉರಿಯದಿದ್ದರೆ ಆ ಪ್ಲಗ್ ಸತ್ತಿದೆ. ಎರಡು ಸತ್ತರೂ ಬೆಳಿಗ್ಗೆ ಬಿಳಿ ಹೊಗೆ, ಕುಂಟುನಡೆ ಗ್ಯಾರಂಟಿ.

ಪ್ಯೂಜೊದ ದೊಡ್ಡ ಶತ್ರು ಬಿಸಿ. ಕೆಸರು ಕೂತ ರೇಡಿಯೇಟರ್ ಇಟ್ಟುಕೊಂಡು ಚಾರ್ಮಾಡಿ ಘಾಟಿ ಹತ್ತಿದರೆ ಹೆಡ್ ಬಾಗಿ, ಅದರ ಕೆಳಗಿನ ಗ್ಯಾಸ್ಕೆಟ್ ಸುಡುತ್ತದೆ. ನೋಡುವ ಕ್ರಮ ಹೀಗೆ: ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ರೇಸ್ ಕೊಟ್ಟಾಗ ಗುಳ್ಳೆ ಬಿಡದೆ ಏಳುತ್ತಿದ್ದರೆ ಗ್ಯಾಸ್ಕೆಟ್ ಹೋಗಿದೆ. ಬಳಿಕ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಒಲೆಯ ಹಾಗೆ ಹೊಗೆ ಉಬ್ಬಿ ಬಂದರೆ ಪಿಸ್ಟನ್ ರಿಂಗ್, ಲೈನರ್ (ಸಿಲಿಂಡರಿನ ಒಳಗೋಡೆ) ಸವೆದಿವೆ. ಈ ಎರಡನೇ ಪರೀಕ್ಷೆ ಎಂಡಿಐಗೂ ಅಷ್ಟೇ ಮುಖ್ಯ. ನಮ್ಮ ಕಡೆಯ ಬಾವಿನೀರು ಹಲವೆಡೆ ಆಮ್ಲೀಯ. ರೇಡಿಯೇಟರಿಗೆ ಅದನ್ನು ಸುರಿಯುವ ಅಭ್ಯಾಸ ಬಿಡಬೇಕು. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿ.

ಮಳೆಗಾಲದಲ್ಲಿ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ನೀರು ಬೆವರಿ ಡೀಸೆಲ್‌ಗೆ ಸೇರುತ್ತದೆ. ಟ್ಯಾಂಕ್ ತುಂಬಿಸಿಡಿ, ವಾರಕ್ಕೊಮ್ಮೆ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ನೀರು ಬಿಡಿ. ನಂತರ ಗಾಳಿ ತೆಗೆಯಬೇಕು: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಕೈಪಂಪ್ ಒತ್ತಿ, ಬಿಗಿ ಮಾಡಿ. ಆಗಲೂ ಸ್ಟಾರ್ಟ್ ಆಗದಿದ್ದರೆ ನಾಝಲ್‌ಗಳಿಗೆ (ಡೀಸೆಲ್ ಸಿಂಪಡಿಸುವ ಭಾಗ) ಹೋಗುವ ಪೈಪುಗಳ ನಟ್ ಸಡಿಲಿಸಿ ಸೆಲ್ಫ್ ಹೊಡೆಯಿರಿ. ಡೀಸೆಲ್ ಚಿಮ್ಮಿದ ಮೇಲೆ ಒಂದೊಂದಾಗಿ ಬಿಗಿಯಿರಿ. ಚಿಮ್ಮುವ ಕಡೆ ಕೈ ಹಿಡಿಯಲೇಬಾರದು, ಆ ಒತ್ತಡಕ್ಕೆ ಚರ್ಮ ತೂತಾಗುತ್ತದೆ.

ನೆರೆನೀರಿನಲ್ಲಿ ಇಂಜಿನ್ ನಿಂತರೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಯೂಜೊದಲ್ಲಿ ಹೀಟರ್ ಪ್ಲಗ್ ಕಳಚಿ ತಿರುಗಿಸಿದರೆ ನೀರು ಹೊರಬೀಳುತ್ತದೆ. ಎಂಡಿಐಯಲ್ಲಿ ನಾಝಲ್‌ಗಳನ್ನೇ ಕಳಚಬೇಕು, ಮರಳಿ ಕೂರಿಸುವಾಗ ಹೊಸ ತಾಮ್ರದ ವಾಷರ್ ಹಾಕಬೇಕು.

ಬಾಡಿಯ ಬಗ್ಗೆ ಎರಡೇ ಮಾತು. ಮಲ್ಪೆ, ಪಣಂಬೂರು ಕಡೆ ಉಪ್ಪುಗಾಳಿಯಲ್ಲಿ ನಿಂತ ಗಾಡಿಯಾದರೆ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ಟಣ್ ಎನ್ನದೆ ಮಂಕಾಗಿ ಕೇಳಿದರೆ ತುಕ್ಕು ತಿಂದಿದೆ. ತಳದ ತಗಡಿಗೆ ಅಯಸ್ಕಾಂತ ಹಿಡಿಯಿರಿ, ಅಂಟದಿದ್ದಲ್ಲಿ ಪುಟ್ಟಿ ಮೆತ್ತಿದ್ದಾರೆ.

ಅಡ್ವಾನ್ಸ್ ಕೊಡುವ ಮೊದಲು ಇಂಜಿನ್ ಬ್ಲಾಕಿನ ನಂಬರನ್ನು ತಂತಿ ಬ್ರಷ್‌ನಿಂದ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಿ. ಪ್ಯೂಜೊ ತೆಗೆದು ಎಂಡಿಐ ಕೂರಿಸಿದ ಗಾಡಿಗಳಿವೆ. ಮಾರ್ಪಾಡು ಆರ್‌ಸಿಯಲ್ಲಿ ದಾಖಲಾಗಿಲ್ಲದಿದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ಸಿಕ್ಕಿಬೀಳುವವರು ಕೊಂಡವರು. ಅಂಥ ಗಾಡಿಗೆ ಕಾಗದ ಸರಿಯಾಗುವ ತನಕ ದುಡ್ಡು ಕೊಡಬೇಡಿ.