ಹೆಡ್‌ಲೈಟಿನೊಳಗೆ ನಿಂತ ನೀರು ಮತ್ತು ವಾರಂಟಿ: ಶಿವಮೊಗ್ಗದ ಒಂದು ಸರ್ವೀಸ್ ಸೆಂಟರಿನ ಅನುಭವ

ಶಿವಮೊಗ್ಗದಲ್ಲಿರುವ ನಮ್ಮ ಕಾರಿನ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್, ನೀರು ಹೊಕ್ಕು ಕೆಟ್ಟಿದ್ದ ಬಲಬದಿಯ ಹೆಡ್‌ಲೈಟನ್ನು ಒಂದು ರೂಪಾಯಿಯನ್ನೂ ಪಡೆಯದೆ ವಾರಂಟಿಯಲ್ಲಿ ಬದಲಿಸಿಕೊಟ್ಟಿತು. ಆದರೂ ಪೂರ್ಣ ಅಂಕ ಕೊಡಲು ಮನಸ್ಸಾಗುತ್ತಿಲ್ಲ. ಒಳಗಿನ ವರ್ಕ್‌ಶಾಪಿಗೆ ಐದಕ್ಕೆ ನಾಲ್ಕು, ಹೊರಗಿನ ಕೌಂಟರಿಗೆ ಐದಕ್ಕೆ ಎರಡು ಎಂದು ಬೇರೆ ಬೇರೆಯಾಗಿಯೇ ಹೇಳಬೇಕಾಗುತ್ತದೆ. ಕೌಂಟರಿನಲ್ಲಿ ನಾನು ಕೇಳಿದ ಮಾತುಗಳನ್ನೇ ಬೇರೆ ಕಂಪನಿಗಳ ಕಾರು ಇಟ್ಟುಕೊಂಡ ಪರಿಚಯದವರೂ ಕೇಳಿಸಿಕೊಂಡಿರುವುದರಿಂದ ಇಲ್ಲಿ ಹೆಸರು ಹೇಳಲು ಹೋಗುವುದಿಲ್ಲ.

ನಾವಿರುವುದು ತೀರ್ಥಹಳ್ಳಿಯಲ್ಲಿ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕಾರು ಒಣಗಿ ನಿಲ್ಲುವುದೇ ಅಪರೂಪ. ಆಗುಂಬೆ ಘಾಟಿಯಲ್ಲಿ ಇಳಿದು ಉಡುಪಿಯ ಕಡೆಗೆ ಹೋಗಬೇಕಾದಾಗ ಹಗಲಿನಲ್ಲೂ ದೀಪ ಹಾಕಿಕೊಂಡೇ ಓಡಿಸಬೇಕಾಗುತ್ತದೆ. ಕಾರಿಗೆ ಮೂರು ವರ್ಷಗಳ ವಾರಂಟಿಯಿದ್ದು, ಎರಡನೆಯ ಮಳೆಗಾಲದಲ್ಲಿ ಬಲಬದಿಯ ಎಲ್ಇಡಿ ದೀಪದ ಒಳಗೆ ಹಬೆ ಕಟ್ಟತೊಡಗಿತು. ಕೆಲವು ವಾರಗಳ ನಂತರ ಅದು ಹನಿಯಾಗಿ ಇಳಿಯಿತು, ಆಮೇಲೆ ಡಿಮ್‌ನಲ್ಲಿದ್ದಾಗ ದೀಪ ಒಮ್ಮೊಮ್ಮೆ ಮಿಣುಕಲು ಆರಂಭಿಸಿತು.

ಕೌಂಟರಿನಲ್ಲಿ ಸರ್ವೀಸ್ ಅಡ್ವೈಸರ್ ಕಾರಿನ ಬಳಿಗೂ ಬರದೆ ಹೇಳಿದ ಮೊದಲ ಮಾತು, "ಮಳೆಗಾಲದಲ್ಲಿ ಎಲ್ಲಾ ಗಾಡಿಗೂ ಹೀಗೇ ಆಗುತ್ತೆ ಸರ್, ಸ್ವಲ್ಪ ಹೊತ್ತು ಲೈಟ್ ಹಾಕ್ಕೊಂಡು ಓಡಿಸಿ, ಹೋಗ್ಬಿಡುತ್ತೆ" ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದನ್ನು ಎದುರಿಸುವುದು ಕಷ್ಟ. ಹೆಡ್‌ಲೈಟ್ ಎಂಬುದು ಗಾಳಿಯಾಡದಂತೆ ಮುಚ್ಚಿದ ಡಬ್ಬಿಯಲ್ಲ. ದೀಪ ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಆರಿದ ಮೇಲೆ ಕುಗ್ಗುತ್ತದೆ. ಈ ಹಿಗ್ಗು-ಕುಗ್ಗಿಗೆ ದಾರಿ ಬೇಕೆಂದೇ ಹಿಂಬದಿಯಲ್ಲಿ ಸಣ್ಣ ಉಸಿರುಕಂಡಿಗಳನ್ನು ಇಟ್ಟಿರುತ್ತಾರೆ. ಮಳೆಗಾಲದ ತೇವದ ಗಾಳಿ ಅವುಗಳ ಮೂಲಕ ಒಳಗೆ ಬಂದಾಗ ಮುಂದಿನ ತಣ್ಣನೆಯ ಗಾಜಿನ ಮೇಲೆ (ನಾವು ಗಾಜು ಎಂದರೂ ಅದು ಪಾಲಿಕಾರ್ಬೊನೇಟ್) ತೆಳುವಾದ ಹಬೆ ಕೂರುವುದು ಸಹಜ. ಹಳೆಯ ಹ್ಯಾಲೊಜೆನ್ ಬಲ್ಬಿನ ಶಾಖ ಬೆಳಕಿನ ಜೊತೆಗೇ ಮುಂದಕ್ಕೆ ಬರುತ್ತಿದ್ದುದರಿಂದ ಆ ಹಬೆ ಬೇಗ ಆರುತ್ತಿತ್ತು. ಎಲ್ಇಡಿಯಲ್ಲಿ ಶಾಖದ ಬಹುಪಾಲು ಹಿಂಬದಿಯ ಲೋಹದ ಪಟ್ಟಿಗಳಿಗೆ ಹೋಗುವುದರಿಂದ ಮುಂದಿನ ಗಾಜು ತಣ್ಣಗೇ ಉಳಿದು, ಹಬೆ ಹೆಚ್ಚು ಹೊತ್ತು ನಿಲ್ಲುತ್ತದೆ. ಇಷ್ಟರ ಮಟ್ಟಿಗೆ ಅಡ್ವೈಸರ್ ಹೇಳಿದ್ದು ಸರಿ.

ಆದರೆ ಹಬೆ ಬೇರೆ, ನೀರು ಬೇರೆ. ಗಾಜಿನ ಒಂದು ಮೂಲೆಯಲ್ಲಿ ಮಾತ್ರ ಮಬ್ಬು ಕಟ್ಟಿ ದೀಪ ಉರಿದ ಮೇಲೆ ಕರಗಿದರೆ ಅದು ಹಬೆ. ಹನಿಗಳು ದಪ್ಪವಾಗಿ ಒಂದಕ್ಕೊಂದು ಕೂಡಿ ಕೆಳಗಿಳಿದರೆ, ತಳದಲ್ಲಿ ನೀರು ನಿಂತು ಕಾರು ತಿರುಗಿದಾಗ ಅತ್ತಿತ್ತ ಓಲಾಡಿದರೆ, ಎಷ್ಟು ಹೊತ್ತು ದೀಪ ಹಾಕಿದರೂ ಹೋಗದಿದ್ದರೆ ಎಲ್ಲೋ ಸೀಲ್ ಬಿಟ್ಟಿದೆ ಎಂದೇ ಅರ್ಥ. ನಾನು ರಾತ್ರಿ ಮನೆ ತಲುಪಿದ ಕೂಡಲೇ ಒಂದು, ಮರುದಿನ ಬೆಳಿಗ್ಗೆ ಒಂದು ಹೀಗೆ ಫೋಟೋ ತೆಗೆದು ಇಟ್ಟಿದ್ದೆ. ಎಡದೀಪವೂ ಅದೇ ಚೌಕಟ್ಟಿನಲ್ಲಿ ಕಾಣುವಂತೆ ತೆಗೆದದ್ದು ಬಹಳ ಉಪಯೋಗಕ್ಕೆ ಬಂತು. ಒಂದೇ ಮಳೆಯಲ್ಲಿ ನೆನೆದ ಎರಡು ದೀಪಗಳಲ್ಲಿ ಒಂದು ಒಣಗಿದ್ದು ಇನ್ನೊಂದರಲ್ಲಿ ನೀರು ನಿಂತಿದ್ದರೆ ಮಳೆಗಾಲದ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ.

ಇಷ್ಟಾದ ಮೇಲೆ ಕೌಂಟರಿನಿಂದ ಬಂದ ಎರಡನೆಯ ಸಲಹೆ ನನಗೆ ಹೆಚ್ಚು ಬೇಸರ ತಂದಿತು. ವಾರಂಟಿ ಕ್ಲೇಮ್ ಪಾಸಾಗುವುದು ತಡವಾಗುತ್ತದೆ, ಇನ್ಶೂರೆನ್ಸ್‌ನಲ್ಲಿ ಹಾಕಿಬಿಟ್ಟರೆ ಬೇಗ ಕೆಲಸವಾಗುತ್ತದೆ ಎಂಬ ಸಲಹೆ ಅದು. ವಾಹನ ವಿಮೆ ಇರುವುದು ಅಪಘಾತ, ಕಳ್ಳತನ, ನೆರೆಯಂಥ ಹಾನಿಗಳಿಗೆ. ತಯಾರಿಕೆಯ ದೋಷ ಅಥವಾ ತಾನಾಗಿಯೇ ಆದ ಎಲೆಕ್ಟ್ರಿಕಲ್ ತೊಂದರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆಗದ ಪೆಟ್ಟನ್ನು ಆಗಿದೆ ಎಂದು ಬರೆದುಕೊಟ್ಟರೆ ಅದು ಸುಳ್ಳು ಕ್ಲೇಮ್. ಅದರ ಜೊತೆಗೆ ಮೊದಲ ವರ್ಷ ಕ್ಲೇಮ್ ಇಲ್ಲದೆ ಕಳೆದರೆ 20 ಪ್ರತಿಶತದಿಂದ ಆರಂಭವಾಗಿ ಐದು ವರ್ಷಕ್ಕೆ 50 ಪ್ರತಿಶತದವರೆಗೆ ಏರುವ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಕೈಬಿಟ್ಟುಹೋಗುತ್ತದೆ. ಕಂಪನಿ ಭರಿಸಬೇಕಾದ ಖರ್ಚನ್ನು ನಮ್ಮ ಪಾಲಿಸಿಯ ಮೇಲೆ ಜಾರಿಸುವ ಈ ಉಪಾಯವನ್ನು ನಗುಮುಖದಲ್ಲಿ, ಉಪಕಾರ ಮಾಡುವವರ ಧಾಟಿಯಲ್ಲಿ ಹೇಳುತ್ತಾರೆ. ಕೌಂಟರಿಗೆ ಎರಡೇ ಅಂಕ ಕೊಟ್ಟಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ನಾನು ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ: ದೂರನ್ನು, ಕಾರಿಗೆ ಆಗಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ನಾನು ಹೇಳಿದ ಮಾತಿನಲ್ಲೇ ಬರೆಯಬೇಕು. ಅವರು ಮೊದಲು ಬರೆದದ್ದು "ಜನರಲ್ ಚೆಕಪ್" ಎಂದು. ಅದನ್ನು ಹೊಡೆದುಹಾಕಿಸಿ, "ಬಲಬದಿಯ ಹೆಡ್‌ಲೈಟಿನ ಒಳಗೆ ನೀರು ನಿಂತಿದೆ, ದೀಪ ಮಿಣುಕುತ್ತಿದೆ" ಎಂದು ಬರೆಸಿ, ಅಂದಿನ ದಿನಾಂಕ ಮತ್ತು ಓಡಿದ ಕಿಲೋಮೀಟರ್ ಸರಿಯಾಗಿ ದಾಖಲಾಗಿರುವುದನ್ನು ನೋಡಿಕೊಂಡು ಪ್ರತಿ ಪಡೆದೆ. ಮಾತಿನಲ್ಲಿ ಹೇಳಿದ ದೂರಿಗೆ ಸಾಕ್ಷಿಯಿಲ್ಲ. ವಾರಂಟಿ ಮುಗಿದ ಮೇಲೆ ಅದೇ ದೋಷ ಮರುಕಳಿಸಿದರೆ ಅವಧಿಯೊಳಗೇ ತಿಳಿಸಿದ್ದೆವು ಎನ್ನಲು ಉಳಿಯುವುದು ಆ ಕಾಗದ ಒಂದೇ.

ವರ್ಕ್‌ಶಾಪಿನ ಒಳಗಿನ ಅನುಭವವೇ ಬೇರೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಹೆಚ್ಚು ಮಾತನಾಡುವವರಲ್ಲ. ನಮ್ಮ ಕಾರಿನಲ್ಲಿ ಮುಂದಿನ ಬಂಪರ್ ಬಿಚ್ಚದೆ ಹೆಡ್‌ಲೈಟ್ ಹೊರಗೆ ಬರುವುದಿಲ್ಲ. ಅವರು ಕ್ಲಿಪ್ ಒಂದನ್ನೂ ಮುರಿಯದೆ ಅದನ್ನು ಇಳಿಸಿ, ದೀಪವನ್ನು ಹೊರತೆಗೆದು ಓರೆ ಮಾಡಿ ಹಿಡಿದಾಗ ಒಳಗಿನ ನೀರು ತಳದಿಂದ ಮೂಲೆಗೆ ಸರಿದದ್ದು ಅಡ್ವೈಸರ್‌ಗೂ ಕಾಣಿಸಿತು. "ಇಲ್ಲಿ ನೋಡಿ ಸಾರ್" ಎಂದು ಅವರು ಟಾರ್ಚ್ ಹಿಡಿದು ತೋರಿಸಿದ ಜಾಗದಲ್ಲಿ, ಗಾಜು ಮತ್ತು ಹಿಂದಿನ ಕಪ್ಪು ಪ್ಲಾಸ್ಟಿಕ್ ಕೂಡುವ ಸಂದಿಯೊಳಗೆ ಸುತ್ತಲೂ ಸಮನಾಗಿ ಇರಬೇಕಾದ ಅಂಟು ಒಂದು ಬೆರಳಗಲ ತೆಳ್ಳಗಾಗಿ ಎದ್ದುಬಂದಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ದೀಪ ಮಿಣುಕಲು ಅದೇ ಕಾರಣವಿರಬೇಕೆಂದು ಅವರು ಹೇಳಿದರು.

ವಾರಂಟಿಯ ಒಪ್ಪಿಗೆಗಾಗಿ ಕಂಪನಿಗೆ ಫೋಟೋ ಕಳಿಸುವ ಮೊದಲು ಅವರು ಪರೀಕ್ಷಿಸಿದ ಸಂಗತಿಗಳನ್ನು ಕಾರು ಇಟ್ಟುಕೊಂಡವರೆಲ್ಲ ತಿಳಿದಿರುವುದು ಒಳ್ಳೆಯದು. ಗಾಜಿನ ಮೇಲೆ ಕಲ್ಲೇಟಿನ ಬಿರುಕು ಇದೆಯೇ, ದೀಪವನ್ನು ಕಾರಿಗೆ ಬಿಗಿಯುವ ಕಿವಿಗಳು ಮುರಿದಿವೆಯೇ, ಹೊರಗಿನವರಿಂದ ವೈರ್ ಕತ್ತರಿಸಿ ಹೆಚ್ಚುವರಿ ದೀಪ ಅಥವಾ ಹೆಚ್ಚು ವ್ಯಾಟಿನ ಬಲ್ಬ್ ಜೋಡಿಸಿದ್ದಾರೆಯೇ ಎಂಬುದನ್ನೆಲ್ಲ ನೋಡಿದರು. ಇವುಗಳಲ್ಲಿ ಒಂದು ಇದ್ದರೂ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಕಾರಣ ಸಿಕ್ಕಂತೆಯೇ. ಹ್ಯಾಲೊಜೆನ್ ಕಾರುಗಳಲ್ಲಿ ಸುಟ್ಟುಹೋದ ಬಲ್ಬ್ ಸವೆಯುವ ಭಾಗಗಳ ಪಟ್ಟಿಯಲ್ಲಿ ಇರುವುದರಿಂದ ಅದಕ್ಕೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಅದು ಕೆಲವು ನೂರು ರೂಪಾಯಿಯ ಮಾತು. ನಮ್ಮ ಕಾರಿನಂಥ ಎಲ್ಇಡಿಯಲ್ಲಿ ಬಲ್ಬ್ ಮಾತ್ರ ಬದಲಿಸುವ ಅವಕಾಶವೇ ಇಲ್ಲ. ಪೂರ್ತಿ ಅಸೆಂಬ್ಲಿಯನ್ನೇ ಹಾಕಬೇಕು, ಅದರ ಬೆಲೆ ಹತ್ತಾರು ಸಾವಿರ ದಾಟುತ್ತದೆ. ಕೌಂಟರಿನವರು ಹಿಂಜರಿಯುವುದೂ, ನಾವು ಬಿಡದೆ ಕೇಳಬೇಕಾಗಿರುವುದೂ ಇದೇ ಕಾರಣಕ್ಕೆ.

ಒಪ್ಪಿಗೆ ಬಂದು ಹೊಸ ದೀಪ ತಲುಪುವವರೆಗೆ ಹಳೆಯದನ್ನೇ ಒಣಗಿಸಿ, ಪಿನ್ ಉಜ್ಜಿ ಮತ್ತೆ ಜೋಡಿಸಿಕೊಟ್ಟಿದ್ದರು. ಬದಲಿಸಿದ ದಿನ ಭಾಗಕ್ಕೂ ಕೂಲಿಗೂ ಸೊನ್ನೆ ತೋರಿಸಿದ ಬಿಲ್ ಕೊಟ್ಟರು. ಹಳೆಯ ದೀಪವನ್ನು ಕಂಪನಿಗೆ ತೋರಿಸಬೇಕೆಂದು ಅವರೇ ಇಟ್ಟುಕೊಂಡರು. ಹೊಸ ದೀಪಕ್ಕೆ ಪ್ರತ್ಯೇಕ ಮೂರು ವರ್ಷ ಸಿಗುವುದಿಲ್ಲ, ಕಾರಿನ ಮೂಲ ವಾರಂಟಿಯಲ್ಲಿ ಉಳಿದ ಅವಧಿಯಷ್ಟೇ ಅನ್ವಯಿಸುತ್ತದೆ ಎಂಬುದನ್ನು ನಾನು ಕೇಳಿದ ಮೇಲಷ್ಟೇ ತಿಳಿಸಿದರು.

ವರ್ಕ್‌ಶಾಪಿಗೆ ಒಂದು ಅಂಕ ಕಡಿಮೆಯಾದದ್ದು ಬೆಳಕಿನ ಹೊಂದಾಣಿಕೆ ಮಾಡದೆ ಕಾರು ಬಿಟ್ಟುಕೊಟ್ಟದ್ದಕ್ಕೆ. ಮಂಡಗದ್ದೆ ದಾರಿಯಲ್ಲಿ ಮರಳುವಾಗ ಡಿಮ್‌ನಲ್ಲಿದ್ದರೂ ಎದುರಿನ ವಾಹನಗಳು ಮತ್ತೆ ಮತ್ತೆ ಲೈಟ್ ಹೊಡೆದು ಎಚ್ಚರಿಸಿದವು. ಮನೆಯ ಮುಂದಿನ ಸಮತಟ್ಟಾದ ಅಂಗಳದಲ್ಲಿ, ಗೋಡೆಯಿಂದ ಹತ್ತು ಮೀಟರ್ ದೂರ ಕಾರು ನಿಲ್ಲಿಸಿ ನೋಡಿದೆ. ಡಿಮ್ ಬೆಳಕಿನ ಮೇಲಂಚು ಒಂದು ಪ್ರತಿಶತ ಇಳಿಜಾರಿನಲ್ಲಿ ಇರಬೇಕೆಂದರೆ, ಅಷ್ಟು ದೂರದಲ್ಲಿ ಅದು ದೀಪದ ಮಧ್ಯಬಿಂದುವಿಗಿಂತ ಹತ್ತು ಸೆಂಟಿಮೀಟರ್ ಕೆಳಗೆ ಬೀಳಬೇಕು. ನಾವು ಎಡಬದಿಯಲ್ಲಿ ಓಡಿಸುವುದರಿಂದ ಆ ಅಂಚು ಎಡಕ್ಕೆ ಮಾತ್ರ ತುಸು ಮೇಲೇಳುತ್ತದೆ. ಎಡದೀಪ ಸರಿಯಾಗಿತ್ತು, ಹೊಸದಾಗಿ ಹಾಕಿದ ಬಲದೀಪದ ಅಂಚು ದೀಪದಷ್ಟೇ ಎತ್ತರದಲ್ಲಿ ನೇರವಾಗಿ ಹೊಡೆಯುತ್ತಿತ್ತು. ಮತ್ತೆ ಕರೆದೊಯ್ದಾಗ ಯಂತ್ರವಿಟ್ಟು ಸರಿಮಾಡಿಕೊಟ್ಟರು, ಅದಕ್ಕೂ ಹಣ ಕೇಳಲಿಲ್ಲ. ಯಂತ್ರ ಅಲ್ಲೇ ಇದ್ದು ಮೊದಲ ದಿನವೇ ಅದನ್ನು ಬಳಸದಿರುವುದಕ್ಕೆ ಸಮಜಾಯಿಷಿ ಸಿಗಲಿಲ್ಲ.

ಕೌಂಟರಿನಲ್ಲಿ ದೂರನ್ನೇ ಬರೆದುಕೊಳ್ಳದವರು ಎದುರಾದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆಯಬಹುದು. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, ಅದಕ್ಕೆ ಎರಡು ವರ್ಷಗಳ ಕಾಲಮಿತಿಯಿದೆ. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ.

ಎರಡೂ ದೀಪ ಬದಲಿಸಿಕೊಡಿ ಎಂಬ ನನ್ನ ಕೋರಿಕೆಯನ್ನು ಅವರು ಒಪ್ಪಲಿಲ್ಲ. ಕೆಡದ ದೀಪಕ್ಕೆ ವಾರಂಟಿ ಕೊಡಲಾಗದು ಎಂಬ ಉತ್ತರ ನ್ಯಾಯವಾದದ್ದೇ. ಈ ವರ್ಷ ಎಡದೀಪದ ಕೆಳಮೂಲೆಯಲ್ಲೂ ಸಣ್ಣಗೆ ಹಬೆ ಕಾಣಿಸಿದೆ, ಸದ್ಯಕ್ಕೆ ದೀಪ ಹಾಕಿದರೆ ಆರುತ್ತದೆ. ಸರ್ವೀಸ್‌ಗೆ ಬಿಟ್ಟಾಗ ಅದನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಸಿದ್ದೇನೆ. ಈ ಬಾರಿ ಅಡ್ವೈಸರ್ ವಾದಿಸದೆ ಬರೆದುಕೊಂಡರು.